‘ಪ್ರಿಸೀಡಿಂಗ್’ ಎಂದರೆ ಯಾವ ವರ್ಷ?



ಲೆಕ್ಕಪತ್ರವನ್ನು ಖಜಾಂಚಿಯವರು ಓದುತ್ತಾರೆ. ನಾವು ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಹೇಳಬೇಕಾಗಿದೆ. ಅದರಲ್ಲಿ ನಮ್ಮದೇ ತಪ್ಪಿದೆ.

ಕಳೆದ ಸಲದ ಅರ್ಜಿಯಲ್ಲಿ ‘ಪ್ರಿಸೀಡಿಂಗ್ ಫೈನಾನ್ಷಿಯಲ್ ಇಯರ್’ನ ಆದಾಯದ ದಾಖಲೆ ಕೇಳಿದ್ದೆವು. ಕೆಲವರು ಅದನ್ನು ‘ಪ್ರೊಸೀಡಿಂಗ್’ ಎಂದು ಓದಿಕೊಂಡು, ನಡೆಯುತ್ತಿರುವ ವರ್ಷದ ಸಂಬಳದ ಚೀಟಿ ಲಗತ್ತಿಸಿದರು. ನಾವು ಆ ಅರ್ಜಿಗಳನ್ನು ಬದಿಗಿಟ್ಟೆವು. ಒಬ್ಬ ತಾಯಿ ಕಚೇರಿಗೆ ಬಂದು, “ಮಗಳಿಗೆ ಮಾರ್ಕ್ಸ್ ಕಮ್ಮಿ ಬಂತಾ ಸರ್?” ಎಂದು ಕೇಳಿದರು. ಮಾರ್ಕ್ಸ್ ಚೆನ್ನಾಗಿಯೇ ಇತ್ತು. ತಾವು ಕೊಟ್ಟ ಹಣ ಬ್ಯಾಂಕಿನಲ್ಲಿದ್ದಾಗ ಆ ಮನೆಯವರು ಕಾಲೇಜಿನ ಫೀಸಿಗೆ ಕೈಸಾಲ ಮಾಡಿದ್ದರು.

ಪ್ರಿಸೀಡ್ ಎಂದರೆ ಮುಂಚೆ ಬರುವುದು; ಪ್ರೊಸೀಡ್ ಎಂದರೆ ಮುಂದುವರಿಯುವುದು. ಎರಡೂ ಲ್ಯಾಟಿನ್ನಿನ ‘ಹೋಗು’ ಎಂಬರ್ಥದ ಒಂದೇ ಧಾತುವಿನಿಂದ ಬಂದವು, ಗೊಂದಲ ಸಹಜ. ನಮ್ಮ ಕನ್ನಡವೇನು ಕಡಿಮೆಯೇ? ಹಬ್ಬದ ಮುನ್ನಾದಿನ ಹಬ್ಬಕ್ಕಿಂತ ಮೊದಲು, ಮುಂದಿನ ದಿನ ಹಬ್ಬವಾದ ಮೇಲೆ!

ಮಕ್ಕಳೇ, ‘ಶಾಬಾನ್ ಪ್ರಿಸೀಡ್ಸ್ ರಂಜಾನ್’ ಎನ್ನುವಾಗ ಮೊದಲು ಬರುವ ತಿಂಗಳು ವಾಕ್ಯದಲ್ಲೂ ಮೊದಲೇ ಇದೆ. ‘ರಂಜಾನ್ ಈಸ್ ಪ್ರಿಸೀಡೆಡ್ ಬೈ ಶಾಬಾನ್’ ಎಂದರೂ ಅರ್ಥ ಅದೇ. ಇಲ್ಲಿ ‘ಬೈ’ ನಂತರ ಇರುವುದೇ ಮೊದಲು ಬಂದದ್ದು. ಪರೀಕ್ಷೆಯಲ್ಲಿ ಎಡವುವುದು ಇಲ್ಲಿಯೇ. ‘ಪ್ರಿಸೀಡ್ಸ್ ಬಿಫೋರ್’ ಎಂದು ಬರೆಯಬೇಡಿ, ‘ಮುಂಚೆ’ ಆ ಪದದೊಳಗೇ ಇದೆ.

ಪೋಷಕರು ಗಮನಿಸಬೇಕಾದದ್ದು ಇನ್ನೊಂದು. ‘ಪ್ರಿಸೀಡಿಂಗ್ ಇಯರ್’ ಎಂದರೆ ಹಿಂದಿನ ಯಾವುದೋ ವರ್ಷವಲ್ಲ, ಅದಕ್ಕೆ ತಾಗಿಕೊಂಡೇ ಹಿಂದೆ ಇರುವ ವರ್ಷ. 1961ರ ಆದಾಯ ತೆರಿಗೆ ಕಾಯ್ದೆ ‘ಹಿಂದಿನ ವರ್ಷ’ ಎಂಬುದನ್ನು ವಿವರಿಸುವಾಗ ಇದೇ ಪದ ಬಳಸಿ, ಅದರ ಮುಂದೆ ‘ತಕ್ಷಣದ’ ಎಂದೂ ಸೇರಿಸಿತ್ತು. ವಕೀಲರಿಗೂ ಅನುಮಾನವಿತ್ತೇನೋ.

ಆದ್ದರಿಂದ 2025ರ ಜೂನ್‌ನಲ್ಲಿ ಅರ್ಜಿ ಹಾಕುವವರು 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗಿನ ದಾಖಲೆ ಕೊಡಬೇಕು. ಈ ಸಲ ಅರ್ಜಿಯಲ್ಲಿ ಆ ಪದವೇ ಇಲ್ಲ. ಕನ್ನಡದಲ್ಲೂ ಉರ್ದುವಿನಲ್ಲೂ ತಾರೀಖುಗಳನ್ನೇ ಅಚ್ಚು ಹಾಕಿಸಿದ್ದೇವೆ. ಬದಿಗಿಟ್ಟಿದ್ದ ಅರ್ಜಿಗಳನ್ನೂ ಮತ್ತೆ ತೆಗೆದಿದ್ದೇವೆ. ಆ ಮನೆಯವರು ಹೊಸದಾಗಿ ಅರ್ಜಿ ಬರೆಯುವುದು ಬೇಡ, ಸರಿಯಾದ ದಾಖಲೆಯ ಜೆರಾಕ್ಸ್ ತಂದುಕೊಟ್ಟರೆ ಸಾಕು.