ನೂರಕ್ಕೆ ಎರಡು ಪಾಲು



ವಿದ್ಯಾರ್ಥಿಗಳು ನಿದ್ದೆಗೆಟ್ಟು ಸಜ್ಜು ಮಾಡಿರುವ ಈ ಪ್ರದರ್ಶನದ ಟೇಪು ಕತ್ತರಿಸುವ ಮುಂಚೆಯೇ ಒಳಗೆ ಒಂದು ಸುತ್ತು ಹಾಕಿ ಬಂದೆ, ಸಂಘಟಕರು ಮನ್ನಿಸಬೇಕು. ಬಾಗಿಲ ಬಳಿಯ ಮೇಜಿನ ಮೇಲೆ ಒಂದೇ ಅಳತೆಯ ಎರಡು ಸರಳುಗಳಿವೆ. ಒಂದು ನಿಕಲ್ ಮಿಶ್ರಲೋಹದ್ದು, ಇನ್ನೊಂದು ಟೈಟಾನಿಯಂ ಅಲ್ಯೂಮಿನೈಡಿನದು. ಎರಡನ್ನೂ ಕೈಗೆತ್ತಿಕೊಂಡು ನೋಡಿ. ಎರಡನೆಯದರ ತೂಕ ಹೆಚ್ಚುಕಡಿಮೆ ಅರ್ಧ. ವಿಮಾನದ ಎಂಜಿನ್ ತಯಾರಕರು ಈ ಲೋಹದ ಬೆನ್ನು ಬಿದ್ದದ್ದು ಅದಕ್ಕೇ. ಎಂಜಿನ್ನಿನೊಳಗೆ ತಿರುಗುವ ಬ್ಲೇಡು ಹಗುರಾದರೆ ಅದನ್ನು ಹಿಡಿದಿಟ್ಟುಕೊಳ್ಳುವ ಡಿಸ್ಕಿನ ಮೇಲಿನ ಸೆಳೆತವೂ ತಗ್ಗುತ್ತದೆ. ಡಿಸ್ಕನ್ನೂ ಹಗುರ ಮಾಡಬಹುದು.

ಆದರೆ ಅಲ್ಯೂಮಿನೈಡ್ ಸುಲಭಕ್ಕೆ ಒಲಿಯಲಿಲ್ಲ. ಟೈಟಾನಿಯಂಗೆ ಅಲ್ಯೂಮಿನಿಯಂ ಬೆರೆಸುವುದೇನೋ ಹಳೆಯ ಕಸುಬು. 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡು ಇಂದಿಗೂ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಟೈಟಾನಿಯಂ ಮಿಶ್ರಲೋಹದಲ್ಲಿ, ತೂಕದ ಲೆಕ್ಕದಲ್ಲಿ ನೂರಕ್ಕೆ 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ ಇದೆ. ಅಲ್ಯೂಮಿನಿಯಂ ಬಲ ಕೊಡುತ್ತದೆ. ವೆನೇಡಿಯಂ ಬೀಟಾ ಎಂಬ ಸ್ಫಟಿಕ ರೂಪವನ್ನು ಉಳಿಸಿ, ಲೋಹವನ್ನು ಕಾಯಿಸಿ ಬಡಿಯಲು ಅನುಕೂಲ ಮಾಡುತ್ತದೆ. ಬಲ ಬೇಕೆಂದು ಅಲ್ಯೂಮಿನಿಯಂ ಸುರಿಯುತ್ತಾ ಹೋದರೆ ಸುಮಾರು 8 ಪಾಲು ದಾಟುವಷ್ಟರಲ್ಲಿ ಲೋಹ ಪೆಡಸಾಗತೊಡಗುತ್ತದೆ. ಪರಮಾಣುಗಳು ಶಿಸ್ತಿನ ಸಾಲುಗಟ್ಟಿ ಕೂತುಬಿಡುತ್ತವೆ. ಒಂದರ ಮೇಲೊಂದು ಜಾರಲು ಒಪ್ಪುವುದಿಲ್ಲ.

ಅಲ್ಯೂಮಿನೈಡ್ ಈ ಗಡಿಯನ್ನು ಎಷ್ಟೋ ದೂರ ದಾಟಿದ ಲೋಹ. ಅದರಲ್ಲಿ ಪರಮಾಣುಗಳ ಲೆಕ್ಕಕ್ಕೆ ಹತ್ತಿರಹತ್ತಿರ ಅರ್ಧ ಅಲ್ಯೂಮಿನಿಯಂ. ಎಳೆದು ಪರೀಕ್ಷಿಸುವ ಯಂತ್ರಕ್ಕೆ ಸಿಕ್ಕಿಸಿದರೆ ವೆನೇಡಿಯಂ ಬೆರೆತ ಸರಳು ನೂರಕ್ಕೆ ಹತ್ತರಷ್ಟು ಉದ್ದವಾಗಿ, ನಡು ಸಣ್ಣಗಾಗಿ, ಆಮೇಲೆ ತುಂಡಾಗುತ್ತದೆ. ಅಲ್ಯೂಮಿನೈಡ್ ಒಂದೆರಡು ಪಾಲು ಜಗ್ಗುವುದೇ ಹೆಚ್ಚು, ಹಂಚಿನ ಚೂರಿನಂತೆ ಟಪ್ಪನೆ ಮುರಿಯುತ್ತದೆ.

ಆ ಒಂದೆರಡು ಪಾಲಾದರೂ ಸಿಕ್ಕಿದ್ದು ಬೆರಕೆಯ ಚಾತುರ್ಯದಿಂದ. ಮೊದಲು ಅಲ್ಯೂಮಿನಿಯಂ ಅನ್ನು 50ರಿಂದ 48ಕ್ಕೆ ಇಳಿಸಿದರು. ಎರಡು ಬಗೆಯ ಸ್ಫಟಿಕಗಳು ಜೊತೆಗೂಡಿ ಪೆಡಸುತನ ತುಸು ಕಡಿಮೆಯಾಯಿತು. 2 ಪಾಲು ಕ್ರೋಮಿಯಂ ಜಗ್ಗುವ ಗುಣವನ್ನು ಇನ್ನಷ್ಟು ಹೆಚ್ಚಿಸಿತು. ಆದರೆ ಬಿಸಿ ಗಾಳಿಯಲ್ಲಿ ಲೋಹ ಸವೆಯದಂತೆ ಕಾಯುವುದು ಅಷ್ಟು ಕ್ರೋಮಿಯಂನಿಂದ ಆಗದ ಕೆಲಸ. ಅದನ್ನು ವಹಿಸಿಕೊಂಡದ್ದು ಇನ್ನು 2 ಪಾಲು ನಯೋಬಿಯಂ. ಈ 48-2-2 ಲೋಹದ ಬ್ಲೇಡುಗಳನ್ನು ಹೊತ್ತ ಜಿಇಎನ್‌ಎಕ್ಸ್ ಎಂಜಿನ್ 2011ರಲ್ಲಿ ಸೇವೆಗೆ ಬಂತು. ನಮ್ಮ ಏರ್ ಇಂಡಿಯಾದ ಬೋಯಿಂಗ್ 787 ವಿಮಾನಗಳ ರೆಕ್ಕೆಯಡಿ ಇರುವುದೂ ಅದೇ ಎಂಜಿನ್.

ನಯೋಬಿಯಂ ಅಷ್ಟು ಒಳ್ಳೆಯದಾದರೆ ಇನ್ನೂ ಹಾಕಬಾರದೇಕೆ? ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯದಲ್ಲಿ, ಅಲ್ಯೂಮಿನಿಯಂ ಕಡಿಮೆಯಿರುವ ಇನ್ನೊಂದು ಬಗೆಯ ಅಲ್ಯೂಮಿನೈಡಿಗೆ ನಯೋಬಿಯಂ ಹೇರಳವಾಗಿ ಬೆರೆಸಿ ನೋಡುತ್ತಿದ್ದರು. ಅಲ್ಲಿ ದೀಪಂಕರ್ ಬ್ಯಾನರ್ಜಿ ಮತ್ತು ಸಂಗಡಿಗರು ಅದುವರೆಗೆ ಯಾರೂ ಗುರುತಿಸದ ಸ್ಫಟಿಕ ರೂಪವೊಂದನ್ನು ಕಂಡು 1988ರಲ್ಲಿ ಪ್ರಕಟಿಸಿದರು. ಜಗತ್ತು ಅದನ್ನು ‘ಓ’ ಫೇಸ್ ಎಂದು ಕರೆಯುತ್ತದೆ. ಬ್ಯಾನರ್ಜಿಯವರು ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಓ ಫೇಸ್ ಆಧಾರದ ಲೋಹಗಳು ಚೆನ್ನಾಗಿ ಜಗ್ಗುತ್ತವೆ. ಆದರೆ ನಯೋಬಿಯಂ ಭಾರದ ಧಾತು, ಹಗುರತನದ ಒಂದಷ್ಟು ಪಾಲು ಹೋಯಿತು. ತಾಳಿಕೊಳ್ಳುವ ಶಾಖವೂ ಕಡಿಮೆ. ನನ್ನನ್ನು ಕೇಳಿದರೆ, ನಮ್ಮ ನೆಲದಲ್ಲಿ ನಡೆದ ಈ ಕೆಲಸಕ್ಕೆ ಪ್ರದರ್ಶನದಲ್ಲಿ ಇನ್ನೂ ದೊಡ್ಡ ಫಲಕ ಇರಬೇಕಿತ್ತು.

ತೀರಾ ಕಡಿಮೆ ಬೆರೆತರೂ ಗುಣ ಬದಲಿಸುವ ಧಾತುಗಳೂ ಇವೆ. ಬೋರಾನ್ ಚಿಟಿಕೆಯಷ್ಟಿದ್ದರೂ ಹರಳುಗಳನ್ನು ಸಣ್ಣದಾಗಿಸುತ್ತದೆ. ಇನ್ನು ಆಮ್ಲಜನಕ ಕರೆಯದೆ ಬರುವ ನೆಂಟ. ತುಸು ಹೆಚ್ಚಾದರೂ ಲೋಹ ಗಟ್ಟಿಯಾಗಿ ಪೆಡಸಾಗುತ್ತದೆ. ಹಾಗಾಗಿಯೇ ಮೊದಲು ಹೇಳಿದ ಅಲ್ಯೂಮಿನಿಯಂ-ವೆನೇಡಿಯಂ 6-4 ಮಿಶ್ರಲೋಹವನ್ನು ದೇಹದೊಳಗೆ ಕೂರಿಸುವಾಗ ಆಮ್ಲಜನಕದ ಮಿತಿಯನ್ನು ನೂರಕ್ಕೆ 0.20ರಿಂದ 0.13ಕ್ಕೆ ಇಳಿಸಿದ್ದಾರೆ.

ಹೀಗೆ ಧಾತುಗಳು ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುತ್ತವೆ. ಆದರೂ ವಿದ್ಯಾರ್ಥಿ ಮಿತ್ರರೇ, ಕೆಲವು ಫಲಕಗಳಲ್ಲಿ ಒಂದೊಂದು ಧಾತುವಿನ ಎದುರೂ ಬರೀ ಲಾಭವನ್ನೇ ಬರೆದಿದ್ದೀರಿ, ನಷ್ಟದ ಕಾಲಂ ಖಾಲಿ ಇದೆ. ಇಂದು ಸಂಜೆಯೊಳಗೆ ಅದನ್ನು ತುಂಬಿಸಿ. ನೋಡಲು ಬಂದವರಲ್ಲೂ ಒಂದು ವಿನಂತಿ: ಮಳಿಗೆಯಲ್ಲಿ ನಿಂತ ಮಕ್ಕಳನ್ನು ‘ಇದನ್ನು ಹಾಕಿದರೆ ಏನು ಹೆಚ್ಚಾಗುತ್ತದೆ’ ಎಂದಷ್ಟೇ ಕೇಳಿ ಮುಂದೆ ಹೋಗಬೇಡಿ, ‘ಏನು ಕಡಿಮೆಯಾಗುತ್ತದೆ’ ಎಂದೂ ಕೇಳಿ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.