ಹಳೆಯ ಕಾರಿಗೆ ಮರುಜೀವ



ಇಂಗ್ಲೆಂಡಿನ ಒಂದು ಮನೆಯ ಹಿತ್ತಿಲನ್ನು ಕಲ್ಪಿಸಿಕೊಳ್ಳಿ. ಅಲ್ಲೊಂದು ಮರದ ಷೆಡ್ಡು. ಮುರಿದ ಕುರ್ಚಿ, ಹಳೆಯ ಡಬ್ಬಗಳ ನಡುವೆ ಒಂದು ಪುಟ್ಟ ಕಾರು ನಿಂತಿದೆ. ಟೈರುಗಳಲ್ಲಿ ಗಾಳಿಯಿಲ್ಲ. ಸೀಟಿನೊಳಗೆ ಇಲಿಗಳು ಗೂಡು ಕಟ್ಟಿವೆ. ಬಾಗಿಲಿನ ಕೆಳಗಿನ ಮರ ಲಡ್ಡಾಗಿದೆ. ಅದು 1929ರ ಆಸ್ಟಿನ್ ಸೆವೆನ್. ಅದನ್ನು ಮತ್ತೆ ರಸ್ತೆಗೆ ತರಬೇಕೆಂದು ಮನೆಯವರು ನಿಶ್ಚಯಿಸಿದ್ದಾರೆ. ನೀವು ಆ ಮನೆಯ ಮಗನೋ ಮಗಳೋ ಆಗಿದ್ದರೆ ಮೊದಲು ಏನು ಮಾಡುವಿರಿ?

"ಪಾನಾ ಹಿಡಿದು ಬಿಚ್ಚಲು ತೊಡಗುತ್ತೇವೆ" ಎನ್ನುವಿರೇನೋ. ಎಷ್ಟೋ ಹಳೆಯ ಕಾರುಗಳು ಕೆಡುವುದು ಅಲ್ಲಿಯೇ. ಮಳೆ, ತುಕ್ಕು, ಇಲಿಗಳಿಂದ ಉಳಿದುಕೊಂಡದ್ದು ಒಂದು ವಾರದ ಅವಸರದಲ್ಲಿ ಹಾಳಾಗಬಹುದು. ಏಕೆ ಎಂಬುದನ್ನು ಈ ಒಂದೇ ಕಾರನ್ನು ಇಟ್ಟುಕೊಂಡು ನೋಡೋಣ.

ಮೊದಲು ಕಾರಿನ ಪರಿಚಯ. 1921ರಲ್ಲಿ ಹರ್ಬರ್ಟ್ ಆಸ್ಟಿನ್ ಅವರ ಕಾರ್ಖಾನೆ ಸಾಲದಲ್ಲಿ ಮುಳುಗಿತ್ತು. ಸಾಮಾನ್ಯ ಸಂಸಾರಸ್ಥರು ಕೊಳ್ಳಬಹುದಾದ ಚಿಕ್ಕ ಕಾರು ಮಾಡೋಣವೆಂದರೆ ಜೊತೆಯ ನಿರ್ದೇಶಕರು ಒಪ್ಪಲಿಲ್ಲ. ಆಗ ಅವರು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ತಮ್ಮ ಮನೆಗೇ ಕರೆಸಿಕೊಂಡು, ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿ ನಕ್ಷೆ ತಯಾರಿಸಿದರು. ಹದಿನೆಂಟು ವರ್ಷ, ಅಂದರೆ ನಿಮ್ಮದೇ ವಯಸ್ಸು! 1922ರಲ್ಲಿ ಕಾರು ಹೊರಬಂತು. 1939ರವರೆಗೆ ಸುಮಾರು 2,90,000 ಕಾರುಗಳು ತಯಾರಾದವು. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ ಕಾರು ತಯಾರಿಕೆಗೆ ಕಾಲಿಟ್ಟದ್ದೂ ಲೈಸೆನ್ಸ್ ಪಡೆದು ಮಾಡುತ್ತಿದ್ದ ಇದೇ ಕಾರಿನಿಂದ.

ಮನೆಯಲ್ಲಿ ದುರಸ್ತಿ ಕಲಿಯುವವರಿಗೆ ಇದು ಒಳ್ಳೆಯ ಪಾಠಪುಸ್ತಕ. ಕಾರು ಹಗುರ, ರಚನೆ ಸರಳ. ಕಂಪ್ಯೂಟರ್ ಇಲ್ಲ, ನೀರಿನ ಪಂಪೂ ಇಲ್ಲ. ಕಾದ ನೀರು ಮೇಲೇರಿ, ತಣಿದ ನೀರು ಕೆಳಗಿಳಿದು ಎಂಜಿನ್ ತಂಪಾಗುತ್ತದೆ. ನೀವು ಭೌತಶಾಸ್ತ್ರದಲ್ಲಿ ಓದಿದ ಸಂವಹನ ಕ್ರಿಯೆ ಇದೇ.

ಈಗ ಕೆಲಸಕ್ಕೆ ಬರೋಣ. ಮೊದಲ ಸಾಧನ ಪಾನಾ ಅಲ್ಲ, ಒಂದು ನೋಟ್‌ಪುಸ್ತಕ ಮತ್ತು ಕ್ಯಾಮೆರಾ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ವಾಷರ್ ಯಾವುದರ ಕೆಳಗಿತ್ತು ಎಂಬುದನ್ನೆಲ್ಲ ಬರೆದುಕೊಳ್ಳಬೇಕು. ಬಿಚ್ಚಿದ ಪ್ರತಿ ಬಿಡಿಭಾಗಕ್ಕೂ ಹೆಸರಿನ ಚೀಟಿ ಕಟ್ಟಬೇಕು. "ನೆನಪಿರುತ್ತದೆ ಬಿಡಿ" ಎಂದವರಿಗೆ ಆರು ತಿಂಗಳ ನಂತರ ಉಳಿಯುವುದು ಒಂದು ಬುಟ್ಟಿ ಬೋಲ್ಟು ಮಾತ್ರ.

ಬೋಲ್ಟುಗಳದ್ದೂ ಒಂದು ಕಥೆ. ಇವು ನಮ್ಮ ಇಂದಿನ ಮೆಟ್ರಿಕ್ ಅಳತೆಯವಲ್ಲ. 1841ರಲ್ಲಿ ಜೋಸೆಫ್ ವಿಟ್ವರ್ತ್ ಸೂಚಿಸಿದ ಮಾದರಿಯಿಂದ ಬಂದ ಬ್ರಿಟಿಷ್ ಮರೆಗಳು. ಅವುಗಳ ಕೋನ 55 ಡಿಗ್ರಿ. ಮೆಟ್ರಿಕ್ ಮರೆಯ ಕೋನ 60 ಡಿಗ್ರಿ. ಕೈಗೆ ಸಿಕ್ಕ ನಟ್ಟನ್ನು ಬಲವಂತವಾಗಿ ತಿರುಗಿಸಿದರೆ ಮೂಲ ಮರೆಯೇ ಕೆಟ್ಟುಹೋಗುತ್ತದೆ.

ಬಿಚ್ಚಿದ ಮೇಲೆ ಪ್ರತಿ ಭಾಗದ ಮುಂದೆಯೂ ಒಂದು ಪ್ರಶ್ನೆ ಏಳುತ್ತದೆ: ಇದನ್ನು ಇದ್ದಂತೆಯೇ ಇಡುವುದೋ, ತೇಪೆ ಹಾಕುವುದೋ, ಬದಲಿಸುವುದೋ? ಮೂರು ಉದಾಹರಣೆ ನೋಡಿ.

ಸೀಟಿನ ಚರ್ಮ ಮಾಸಿದೆ, ಅಲ್ಲಲ್ಲಿ ಬಿರಿದಿದೆ, ಆದರೆ ಹರಿದಿಲ್ಲ. ಇದನ್ನು ಇಡಬೇಕು. ಚಾಲಕ ಹತ್ತಿ ಇಳಿದು ಸವೆಸಿದ ಆ ಅಂಚು ಕಾರಿನ ಬದುಕಿನ ದಾಖಲೆ. ಹೊಸ ಚರ್ಮವನ್ನು ಯಾವಾಗ ಬೇಕಾದರೂ ಹೊಲಿಸಬಹುದು. ಹಳೆಯ ಸವೆತವನ್ನು ಎಲ್ಲಿಂದಲೂ ತರಲಾಗದು.

ಎರಡನೆಯದು ಬಾಗಿಲಿನ ಮರ. ಈ ಕಾರಿನ ತಗಡಿನ ಮೈಯ ಒಳಗಿರುವುದು ಆಶ್ ಮರದ ಚೌಕಟ್ಟು. ಕೆಳಗಿನ ತುದಿ ಮಾತ್ರ ಲಡ್ಡಾಗಿದ್ದರೆ ಇಡೀ ಚೌಕಟ್ಟನ್ನು ಕಿತ್ತೆಸೆಯಬೇಕಾಗಿಲ್ಲ. ಕೆಟ್ಟಷ್ಟನ್ನೇ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಹೊಸ ತುಂಡನ್ನು ಕೂಡಿಸಿ ಅಂಟಿಸಬಹುದು. ನಮ್ಮ ಬಡಗಿಗಳು ಹಳೆಯ ಮನೆಯ ತೊಲೆಗೆ ಮಾಡುವ ಕೆಲಸವೂ ಇದೇ ಬಗೆಯದು.

ಮೂರನೆಯದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್. 1936ಕ್ಕೆ ಮುಂಚಿನ ಸೆವೆನ್‌ಗಳಲ್ಲಿ ಈ ತೆಳ್ಳನೆಯ ದಂಡಕ್ಕೆ ಎರಡು ತುದಿಗಳಲ್ಲಿ ಮಾತ್ರ ಬೇರಿಂಗ್ ಆಧಾರ. ವೇಗದಲ್ಲಿ ತಿರುಗುವಾಗ ನಡುವೆ ಬಾಗುತ್ತದೆ. ವರ್ಷಗಟ್ಟಲೆ ಬಾಗಿದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಬಹುದು. ಅದನ್ನು ಪತ್ತೆಮಾಡುವ ಉಪಾಯ ಸೊಗಸಾದುದು. ದಂಡವನ್ನು ಕಾಂತೀಕರಿಸಿ ಸಣ್ಣ ಕಬ್ಬಿಣದ ಪುಡಿ ಹರಡಿದರೆ, ಬಿರುಕು ಇದ್ದಲ್ಲಿ ಪುಡಿ ಗೆರೆಯಾಗಿ ಕೂಡಿಕೊಳ್ಳುತ್ತದೆ. ಬಿರುಕು ಕಂಡರೆ ಮಮತೆ ಬೇಡ. ಬದಲಿಸಲೇಬೇಕು. ಓಡುವಾಗ ಅದು ತುಂಡಾದರೆ ಎಂಜಿನ್ನಿನ ಉಳಿದ ಭಾಗಗಳೂ ಒಡೆದುಹೋಗುತ್ತವೆ.

ಬಿಚ್ಚಿದಷ್ಟೇ ಎಚ್ಚರ ಅಳತೆಯಲ್ಲೂ ಇರಬೇಕು. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 2.2 ಅಂಗುಲ, ಅಂದರೆ 5.588 ಸೆಂ.ಮೀ. ಪಿಸ್ಟನ್ ಚಲಿಸುವ ದೂರ 3 ಅಂಗುಲ, ಅಂದರೆ 7.62 ಸೆಂ.ಮೀ. ಸಿಲಿಂಡರುಗಳು ನಾಲ್ಕು. ನೀವೇ ಗಣಿಸಿ, ಸುಮಾರು 747 ಘನ ಸೆಂ.ಮೀ. ಬರುತ್ತದೆ. ಸಿಲಿಂಡರು ಸವೆದು ಅಂಡಾಕಾರವಾಗಿದ್ದರೆ ಲೇತ್ ಕಾರ್ಖಾನೆಯಲ್ಲಿ ಕೊರೆಸಿ ಮತ್ತೆ ದುಂಡಗೆ ಮಾಡಿಸಬೇಕು. ಆದರೆ ಒಮ್ಮೆ ಕೊರೆದ ಕಬ್ಬಿಣ ಮರಳಿ ಬರುವುದಿಲ್ಲ. ಗೋಡೆ ತೆಳುವಾಗುತ್ತಾ ಹೋಗುತ್ತದೆ. ಆದ್ದರಿಂದ ಮೈಕ್ರೋಮೀಟರು ಹೇಳಿದಷ್ಟೇ ಕೊರೆಯಬೇಕು, ಕೂದಲೆಳೆಯಷ್ಟೂ ಹೆಚ್ಚಿಗೆ ಬೇಡ.

ತುಕ್ಕು ತೆಗೆಯುವುದಕ್ಕೆ ನಿಮ್ಮ ರಸಾಯನಶಾಸ್ತ್ರ ನೆರವಾಗುತ್ತದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ವಾಷಿಂಗ್ ಸೋಡ ಕರಗಿಸಿದ ನೀರು. ತುಕ್ಕು ಹಿಡಿದ ಕಬ್ಬಿಣದ ಭಾಗಕ್ಕೆ ಬ್ಯಾಟರಿ ಚಾರ್ಜರಿನ ಋಣ ತಂತಿ, ಒಂದು ಬೇಡದ ಕಬ್ಬಿಣದ ಪಟ್ಟಿಗೆ ಧನ ತಂತಿ. ವಿದ್ಯುತ್ ಹರಿದಂತೆ ತುಕ್ಕು ಸಡಿಲವಾಗುತ್ತದೆ, ಒಳ್ಳೆಯ ಲೋಹ ಸವೆಯುವುದಿಲ್ಲ. ಆದರೆ ಜಲಜನಕ ಹೊರಬರುವುದರಿಂದ ಬಯಲಿನಲ್ಲೇ, ಹಿರಿಯರ ಎದುರಿನಲ್ಲೇ ಮಾಡಬೇಕು. ಹತ್ತಿರ ಕಿಡಿ ಇರಬಾರದು. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಬಳಸಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ಹುಟ್ಟುತ್ತವೆ. ಅಲ್ಯೂಮಿನಿಯಂ ಭಾಗ ಮುಳುಗಿಸಿದರೆ ಅದು ಸೋಡದ ನೀರಿನಲ್ಲಿ ಸವೆದುಹೋಗುತ್ತದೆ. ಇನ್ನೆರಡು ಎಚ್ಚರಿಕೆ: ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ, ಆ ಧೂಳನ್ನು ಊದಲೇಬಾರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಪ್ಪುಕಾಗದದಿಂದ ಉಜ್ಜಬಾರದು.

ಬ್ರೇಕಿನ ಮಾತು ಬಂದಾಗ ಕಷ್ಟದ ಪ್ರಶ್ನೆಯೊಂದು ಎದುರಾಗುತ್ತದೆ. ಆರಂಭದ ಸೆವೆನ್‌ಗಳಲ್ಲಿ ಕಾಲಿನ ಪೆಡಲ್ ಒತ್ತಿದರೆ ಹಿಂದಿನ ಚಕ್ರಗಳು ಮಾತ್ರ ಹಿಡಿಯುತ್ತವೆ. ಮುಂದಿನವಕ್ಕೆ ಕೈಬ್ರೇಕ್ ಎಳೆಯಬೇಕು. ಇಂದಿನ ವಾಹನಸಂದಣಿಯಲ್ಲಿ ಇದು ಅಪಾಯ. ಹಾಗೆಂದು ಮೂಲರೂಪವನ್ನು ಕೆಡಿಸುವುದೇ? ಇಲ್ಲಿ ಒಂದು ಸೂತ್ರ ದಾರಿ ತೋರುತ್ತದೆ: ಹಿಂದಕ್ಕೆ ತರಬಹುದಾದ ಬದಲಾವಣೆ ಮಾತ್ರ ಮಾಡಿ. ಎರಡೂ ಬ್ರೇಕುಗಳನ್ನು ಪೆಡಲಿಗೆ ಜೋಡಿಸಿ, ಆದರೆ ಷಾಸಿಯಲ್ಲಿ ಹೊಸ ತೂತು ಕೊರೆಯದೆ. ತೆಗೆದ ಭಾಗಗಳಿಗೆ ಗ್ರೀಸ್ ಹಚ್ಚಿ, ಚೀಟಿ ಕಟ್ಟಿ ಜೋಪಾನ ಮಾಡಿ. ಮಾಡಿದ್ದನ್ನು ಬರೆದಿಡಿ. ಜನರ ಪ್ರಾಣವೂ ಉಳಿಯಿತು, ಕಾರಿನ ಸತ್ಯವೂ ಉಳಿಯಿತು.

"ಮೂಲರೂಪ" ಎಂಬ ಮಾತೂ ಅಷ್ಟು ಸುಲಭವಲ್ಲ. ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಹಳೆಯ ಸೆವೆನ್‌ಗಳು ಅಗ್ಗವಾಗಿ ಸಿಗುತ್ತಿದ್ದವು. ತರುಣರು ಅವುಗಳ ಮೈಯನ್ನು ತೆಗೆದುಹಾಕಿ ಪಂದ್ಯದ ಕಾರುಗಳನ್ನು ಕಟ್ಟಿಕೊಂಡರು. 1948ರಲ್ಲಿ ಕಾಲಿನ್ ಚಾಪ್ಮನ್ ತಮ್ಮ ಮೊದಲ ಕಾರನ್ನು ಕಟ್ಟಿದ್ದು ಇಂಥ ಒಂದು ಸೆವೆನ್ ಮೇಲೆ. ಲೋಟಸ್ ಕಾರುಗಳ ವಂಶ ಅಲ್ಲಿಂದ ಬೆಳೆಯಿತು. ಅಂಥ ಕಾರೊಂದು ಈಗ ನಿಮ್ಮ ಷೆಡ್ಡಿನಲ್ಲಿ ಸಿಕ್ಕರೆ, ಯಾರೋ ಹುಡುಗ ಕೈಯಾರೆ ತಟ್ಟಿದ ತಗಡನ್ನು ಎಸೆದು 1929ರ ಮೈಯನ್ನು ಮತ್ತೆ ಕಟ್ಟಬೇಕೇ? ಅಥವಾ ಆ ಹುಡುಗನ ಕೆಲಸವೂ ಚರಿತ್ರೆಯೇ? ಉತ್ತರ ಕಾರಿನಿಂದ ಕಾರಿಗೆ ಬೇರೆಯಾಗುತ್ತದೆ. ಆದರೆ ಪ್ರಶ್ನೆಯನ್ನು ಕೇಳಿಕೊಳ್ಳದೆ ಕತ್ತರಿ ಹಿಡಿಯಬಾರದು.

ನಮ್ಮ ದೇಶದಲ್ಲಿಯೂ ಈ ಅರಿವು ಮೂಡಿದೆ. 2021ರಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲರೂಪದಲ್ಲೇ ಉಳಿದಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಿ 'ವಿ.ಎ.' ಅಕ್ಷರಗಳ ಸಂಖ್ಯೆ ಕೊಡುತ್ತಾರೆ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿ. ಹೊಳಪನ್ನಷ್ಟೇ ನೋಡದೆ ಪೆಡಲಿನ ಸವೆತವನ್ನೂ ನೋಡಿ.

ನಿಮ್ಮ ಮನೆಯಲ್ಲಿ ಹಳೆಯ ಕಾರು ಇಲ್ಲದಿರಬಹುದು. ಅಜ್ಜನ ಸೈಕಲ್, ಅಜ್ಜಿಯ ಹೊಲಿಗೆ ಯಂತ್ರ ಅಟ್ಟದ ಮೇಲೆ ಇರಬಹುದಲ್ಲ? ಈ ರಜೆಯಲ್ಲಿ ಕೆಳಗಿಳಿಸಿ. ಮೊದಲ ದಿನ ಏನನ್ನೂ ಬಿಚ್ಚಬೇಡಿ. ಪಕ್ಕದಲ್ಲಿ ಕುಳಿತು ಅದರ ಚಿತ್ರ ಬರೆಯಿರಿ. ಅದನ್ನು ಬಳಸಿದವರನ್ನು ಮಾತನಾಡಿಸಿ. ಎರಡನೆಯ ದಿನ ಪಾನಾ ಹಿಡಿಯಬಹುದು.