ನೋವಿಗೂ ಚಿಕಿತ್ಸೆ ಇದೆ

ಬೆಂಗಳೂರಿನ ಆಸ್ಪತ್ರೆಯಿಂದ ವಾಪಸು ಬಂದ ದೊಡ್ಡಪ್ಪನನ್ನು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿಸಿಕೊಂಡ ದಿನ ನನಗಿನ್ನೂ ನೆನಪಿದೆ. ಶ್ವಾಸಕೋಶದ ಕ್ಯಾನ್ಸರ್. "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದಿದ್ದರು ಡಾಕ್ಟರು. ದೊಡ್ಡಪ್ಪ ಕೇಳಿದ್ದು ಇಷ್ಟೇ: "ಬದುಕ್ಸು ಅನ್ನಲ್ಲ ಮಗಾ, ಈ ನೋವೊಂದು ಕಮ್ಮಿ ಮಾಡ್ಸು."

ನಿಜವಾಗಿಯೂ ಏನೂ ಮಾಡೋಕಾಗಲ್ವಾ? ನಾನು ಇಂಜಿನಿಯರಿಂಗ್ ಓದಿದವನು, ಪರೀಕ್ಷಿಸದೆ ಒಪ್ಪುವುದಿಲ್ಲ. ಅಮೆರಿಕದ ಬಾಸ್ಟನ್ನಿನ ವೈದ್ಯರು ಇದನ್ನು ಪರೀಕ್ಷಿಸಿಯೇ ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೇ, ಮೊದಲಿನಿಂದಲೇ, ನೋವು ಮತ್ತು ಭಯವನ್ನು ನೋಡಿಕೊಳ್ಳುವ ಉಪಶಾಮಕ ಆರೈಕೆ. 2010ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪಿನಲ್ಲಿ ಅರ್ಧ ಮಂದಿ 8.9 ತಿಂಗಳು ದಾಟಿದ್ದರೆ, ಎರಡನೆಯದರಲ್ಲಿ ಅರ್ಧ ಮಂದಿ 11.6 ತಿಂಗಳು ದಾಟಿದ್ದರು. ಖಿನ್ನತೆಯೂ ಕಡಿಮೆ.

ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ಆರೈಕೆಯನ್ನು ಉಚಿತವಾಗಿ ಕೊಡುತ್ತಿದೆ. ಮಾರ್ಫಿನ್ ಸುಲಭವಾಗಿ ಸಿಗಲಿ ಅಂತ 2014ರಲ್ಲಿ ಕಾನೂನಿಗೂ ತಿದ್ದುಪಡಿ ಆಯಿತು. ಆದರೆ ನೋವಿನ ಮಾತ್ರೆಗೂ ಹೊಳಲ್ಕೆರೆ ತಾಲ್ಲೂಕಿನವರು ರೈಲು ಹತ್ತಬೇಕಾ?

"ಇನ್ನೇನೂ ಇಲ್ಲ" ಅಂದಾಗ ಸುಮ್ಮನೆ ಎದ್ದು ಬರಬೇಡಿ. "ನೋವಿಗೆ ಏನು ಕೊಡ್ತೀರಿ ಸಾರ್?" ಅಂತ ಕೇಳಿ. ನಾವು ಅವತ್ತು ಕೇಳಲಿಲ್ಲ.